ಐದು ಸಾವಿರದೊಳಗೆ ಅಸಲಿ ಉಲ್ಕಾಶಿಲೆ ಆನ್‌ಲೈನ್‌ನಲ್ಲಿ ಸಿಗುತ್ತಾ?

ಸಿಗುತ್ತದೆ. ನೀವು ಕೇಳಿದ್ದು ಎರಡು ವಿಷಯ: ಐದು ಸಾವಿರ ರೂಪಾಯಿಯಲ್ಲಿ ಮೊದಲ ಉಲ್ಕಾಶಿಲೆ ಕೊಳ್ಳಬಹುದಾ, ಮತ್ತು ಮೋಸ ಹೋಗದೆ ಕೊಳ್ಳೋದು ಹೇಗೆ. ಎರಡನೆಯದನ್ನು ನಾನು ದುಡ್ಡು ಕಳೆದುಕೊಂಡೇ ಕಲಿತಿದ್ದು. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಕೆಲವು ವರ್ಷದ ಹಿಂದೆ ಒಂದು ಆನ್‌ಲೈನ್ ಅಂಗಡಿಯಲ್ಲಿ ಕಪ್ಪಗೆ ಮಿರಮಿರ ಮಿಂಚುವ ಕಲ್ಲೊಂದನ್ನು ಕೊಂಡೆ. ಬೆಲೆ ಎರಡು ಸಾವಿರ ಚಿಲ್ಲರೆ. ಜೊತೆಗೆ ಸರ್ಟಿಫಿಕೇಟ್ ಬಂತು. ಅದರಲ್ಲಿ ಹೊಲೋಗ್ರಾಮ್ ಇತ್ತು, ಗುಂಡಗಿನ ಸೀಲ್ ಇತ್ತು, ಯಾರದೋ ಸಹಿ ಇತ್ತು. ಕಲ್ಲಿನ ಹೆಸರು ಮಾತ್ರ ಇರಲಿಲ್ಲ. ಎಲ್ಲಿ ಸಿಕ್ಕಿದ್ದು, ಎಷ್ಟು ಗ್ರಾಂ, ಅದೂ ಇರಲಿಲ್ಲ. ಆಗ ನನಗೆ ಅದೇನೂ ಹೊಳೆಯಲಿಲ್ಲ. ಅದೇ ವಾರ ದೊಡ್ಡಪ್ಪ ಮನೆಗೆ ಬಂದಿದ್ದರು. ಅವರು ಚಿಕ್ಕಂದಿನಲ್ಲಿ ಊರಿನ ಕುಲುಮೆಯ ಪಕ್ಕದಲ್ಲೇ ಆಡಿ ಬೆಳೆದವರು. ಕಲ್ಲನ್ನು ಕೈಯಲ್ಲಿ ಎರಡು ಸಲ ತಿರುಗಿಸಿ, "ಇದು ಕಬ್ಬಿಣದ ಕಿಟ್ಟ ಮಾರಾಯ. ದುಡ್ಡು ಕೊಟ್ಟು ತಂದದ್ದಾ?" ಅಂದರು. ನನಗೆ ನಂಬಿಕೆ ಬರಲಿಲ್ಲ. ಸುತ್ತಿಗೆ ತಂದು ಒಂದು ಮೂಲೆ ಒಡೆದೆ. ಒಳಗೆ, ಇಡ್ಲಿ ಮುರಿದಾಗ ಕಾಣುತ್ತವಲ್ಲ, ಅಂಥ ಸಣ್ಣ ಸಣ್ಣ ತೂತುಗಳು. ಉಲ್ಕಾಶಿಲೆಯಲ್ಲಿ ಇಂಥ ಗಾಳಿಗುಳ್ಳೆಗಳು ಇರೋದು ತೀರಾ ಅಪರೂಪ. ಕಬ್ಬಿಣ ಕರಗಿಸಿದಾಗ ಉಳಿಯುವ ಕಸವಾದ ಕಿಟ್ಟದಲ್ಲಿ, ಜ್ವಾಲಾಮುಖಿ ಕಲ್ಲಿನಲ್ಲಿ ಧಾರಾಳ.

ಆದ್ದರಿಂದ ಸರ್ಟಿಫಿಕೇಟನ್ನು ಲೆಕ್ಕಕ್ಕೇ ಹಿಡಿಯಬೇಡಿ. ಪ್ರಿಂಟರ್ ಇರುವ ಯಾರು ಬೇಕಾದರೂ ಅದನ್ನು ಮಾಡಬಹುದು. ಕೇಳಬೇಕಾದದ್ದು ಹೆಸರು. ಒಪ್ಪಿಗೆ ಪಡೆದ ಪ್ರತಿ ಉಲ್ಕಾಶಿಲೆಗೂ ಒಂದು ಅಧಿಕೃತ ಹೆಸರಿರುತ್ತದೆ, ಸಾಮಾನ್ಯವಾಗಿ ಬಿದ್ದ ಅಥವಾ ಸಿಕ್ಕ ಊರಿನದ್ದು. ಇವೆಲ್ಲ ಮೀಟಿಯೊರಿಟಿಕಲ್ ಬುಲೆಟಿನ್ ಡೇಟಾಬೇಸ್‌ನಲ್ಲಿವೆ. ಅದನ್ನು ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಹೆಸರು ಹಾಕಿದರೆ ವರ್ಷ, ಜಾಗ, ಜಾತಿ, ಒಟ್ಟು ಎಷ್ಟು ಕಿಲೋ ಸಿಕ್ಕಿದೆ, ಎಲ್ಲ ಬರುತ್ತದೆ. ಅಭ್ಯಾಸಕ್ಕೆ ನಮ್ಮ ಕಡೆಯದ್ದನ್ನೇ ಹುಡುಕಿ ನೋಡಿ. 1865ರಲ್ಲಿ ಹಳೇ ಮೈಸೂರು ಸೀಮೆಯಲ್ಲಿ ಬಿದ್ದದ್ದು 'ಮುದ್ದೂರ್' ಅಂತಲೂ, 1866ರಲ್ಲಿ ನಮ್ಮ ಉಡುಪಿ ಕಡೆ ಬಿದ್ದದ್ದು 'ಉಡಿಪಿ' ಅಂತಲೂ ಇದೆ. ಬ್ರಿಟಿಷರ ಕಾಲದ ಸ್ಪೆಲಿಂಗ್ ಹಾಗೇ ಉಳಿದುಕೊಂಡಿದೆ. ಉಡುಪಿಯಲ್ಲೇ ಇದ್ದು ನನಗೆ ಇದು ಗೊತ್ತಾದದ್ದು ಈ ಹುಚ್ಚು ಹಿಡಿದ ಮೇಲೆ!

ಆದರೆ ಡೇಟಾಬೇಸ್‌ನಲ್ಲಿ ಹೆಸರು ಸಿಕ್ಕಿತು ಅಂದ ಮಾತ್ರಕ್ಕೆ ನಿಮ್ಮ ಕೈಗೆ ಬರುವ ತುಂಡು ಅದೇ ಅಂತ ಆಗಲಿಲ್ಲ. ಚೆಲ್ಯಾಬಿನ್‌ಸ್ಕ್ ಅಂತ ಯಾವ ಕರಿ ಕಲ್ಲಿನ ಮೇಲೆ ಬೇಕಾದರೂ ಚೀಟಿ ಅಂಟಿಸಬಹುದು. 2013ರ ಫೆಬ್ರವರಿ 15ರಂದು ರಷ್ಯಾದ ಆ ಊರಿನ ಮೇಲೆ ಉಲ್ಕೆ ಸಿಡಿದ ಸ್ವಲ್ಪ ದಿನಕ್ಕೇ ನಕಲಿ ತುಂಡುಗಳ ಮಾರಾಟವೂ ಶುರುವಾಗಿತ್ತು. ಹಾಗಾಗಿ ಮಾರುವವರು ಯಾರು ಅನ್ನೋದು ಕಲ್ಲಿಗಿಂತ ಮುಖ್ಯ. ಅಂತರರಾಷ್ಟ್ರೀಯ ಉಲ್ಕಾಶಿಲೆ ಸಂಗ್ರಾಹಕರ ಸಂಘ ಒಂದಿದೆ, ಐಎಂಸಿಎ ಅಂತಾರೆ. ಅದರ ಸದಸ್ಯರು ಅಸಲಿ ಮಾಲನ್ನೇ ಮಾರುತ್ತೇವೆ ಅಂತ ಮಾತು ಕೊಟ್ಟಿರುತ್ತಾರೆ, ಪ್ರತಿಯೊಬ್ಬರಿಗೂ ಒಂದು ಸದಸ್ಯ ಸಂಖ್ಯೆ ಇರುತ್ತದೆ. ಲೋಗೊ ನೋಡಿ ನಂಬಬೇಡಿ, ಅದನ್ನು ಕದ್ದು ಹಾಕಿಕೊಳ್ಳುವವರಿದ್ದಾರೆ. ಸಂಘದ ಪಟ್ಟಿಯಲ್ಲಿ ಆ ಸಂಖ್ಯೆಗೆ ಅದೇ ಹೆಸರಿದೆಯಾ ನೋಡಿ. ಆಮೇಲೆ ಅವರಿಗೆ ಒಂದು ಇಮೇಲ್ ಹಾಕಿ: ಇದು ನಿಮಗೆ ಯಾರಿಂದ ಬಂತು? ಅನುಮಾನ ಬಂದರೆ ವಾಪಸ್ ತಗೋತೀರಾ? ಒಳ್ಳೆಯ ವ್ಯಾಪಾರಿಗಳು ಇಂಥ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳೋದಿಲ್ಲ. ನನಗೆ ಒಬ್ಬರು ಉದ್ದದ ಕಥೆಯನ್ನೇ ಬರೆದು ಕಳಿಸಿದ್ದರು, ಕೊನೆಗೆ ನಾನೇ ಸಾಕು ಅನ್ನಬೇಕಾಯಿತು.

ಈಗ ಏನು ಕೊಳ್ಳೋದು ಅನ್ನೋ ಪ್ರಶ್ನೆ. ಜಾಸ್ತಿ ಸಿಕ್ಕಿರುವ, ಹೆಸರಾದ, ನೋಡಿದ ಕೂಡಲೇ ಗುರುತು ಹತ್ತುವ ಕಲ್ಲಿನಿಂದ ಶುರು ಮಾಡಿ. ನನ್ನ ಓಟು ಸಿಖೋಟೆ ಅಲಿನ್‌ಗೆ. 1947ರ ಫೆಬ್ರವರಿ 12ರ ಬೆಳಿಗ್ಗೆ ರಷ್ಯಾದ ಪೂರ್ವ ತುದಿಯ ಕಾಡಿನ ಮೇಲೆ ಬಿದ್ದ ಕಬ್ಬಿಣದ ಉಲ್ಕೆ ಅದು. ಟನ್‌ಗಟ್ಟಲೆ ಸಿಕ್ಕಿದೆ. ಅದರಲ್ಲಿ ಎರಡು ಬಗೆ. ಗಾಳಿಯಲ್ಲೇ ಬಿಡಿಯಾಗಿ, ಮೈ ಕರಗಿಕೊಂಡು ಬಿದ್ದವು ಒಂದು. ಚಪಾತಿ ಹಿಟ್ಟಿನ ಉಂಡೆ ಮೇಲೆ ಹೆಬ್ಬೆರಳು ಒತ್ತಿದ ಹಾಗೆ ಅವುಗಳ ಮೈಮೇಲೆ ಗುಳಿಗಳಿರುತ್ತವೆ. ಇನ್ನೊಂದು, ಸಿಡಿದು ಚೂರಾದದ್ದು: ಹರಿದ ತಗಡಿನ ಹಾಗೆ ಚೂಪು ಅಂಚು, ಸೊಟ್ಟ ಮೈ. ಇದು ಅಗ್ಗ. ನಿಮ್ಮ ಐದು ಸಾವಿರಕ್ಕೆ ಚೆನ್ನಾಗಿರೋ ಒಂದು ಚೂರು ಬರಬೇಕು.

ಕಬ್ಬಿಣ ಬೇಡ, ಕಲ್ಲೇ ಬೇಕು ಅಂದರೆ ಎನ್‌ಡಬ್ಲ್ಯೂಎ 869 ನೋಡಿ. ಎನ್‌ಡಬ್ಲ್ಯೂಎ ಅಂದರೆ ವಾಯವ್ಯ ಆಫ್ರಿಕಾ. ಸಹಾರಾದಲ್ಲಿ ಅಲೆಮಾರಿಗಳು ಹೆಕ್ಕಿ ಮೊರಾಕೊದ ವ್ಯಾಪಾರಿಗಳಿಗೆ ಮಾರಿದ ಕಲ್ಲುಗಳಿಗೆ ಎಲ್ಲಿ ಸಿಕ್ಕಿದ್ದು ಅಂತ ಸರಿಯಾಗಿ ಗೊತ್ತಿರೋದಿಲ್ಲ, ಅದಕ್ಕೇ ಊರಿನ ಹೆಸರಿನ ಬದಲು ನಂಬರ್ ಕೊಡುತ್ತಾರೆ. 869 ಎರಡು ಟನ್‌ಗೂ ಮೇಲೆ ಸಿಕ್ಕಿದೆ, ಹಾಗಾಗಿ ಬೆಲೆ ಕಡಿಮೆ. ಪಾಲಿಶ್ ಮಾಡಿದ ತೆಳು ಹೋಳು ಕೊಳ್ಳಿ, ಇಡೀ ಕಲ್ಲು ಬೇಡ. ಹೋಳಿನಲ್ಲಿ ಒಳಗಿನದು ಕಾಣುತ್ತದೆ: ಬೂದು ಬಣ್ಣದ ಮೇಲೆ ಮಿನುಗುವ ಲೋಹದ ಚುಕ್ಕಿಗಳು, ಸಾಸಿವೆ ಕಾಳಿನಂಥ ಗುಂಡು ಗುಂಡು ಕಣಗಳು. ಆ ಗುಂಡು ಕಣಗಳಿಗೆ ಕಾಂಡ್ರೂಲ್ ಅಂತಾರೆ. ಭೂಮಿಯ ಯಾವ ಬಂಡೆಯಲ್ಲೂ ಅವು ಇರೋದಿಲ್ಲ. ವಯಸ್ಸು 450 ಕೋಟಿ ವರ್ಷಕ್ಕೂ ಹೆಚ್ಚು. ನನಗೆ ಈಗಲೂ ಹತ್ತು ಪಟ್ಟಿನ ಮಸೂರದಲ್ಲಿ ನೋಡ್ತಾ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗೋದಿಲ್ಲ.

ಚಂದ್ರ, ಮಂಗಳನ ತುಂಡು ಈಗಲೇ ಬೇಡ. 'ಮಂಗಳನ ಕಲ್ಲು, 800 ರೂಪಾಯಿ' ಅಂತ ಕಂಡರೆ ಮುಂದೆ ಹೋಗಿ. ಶನಿ ದೋಷಕ್ಕೆ ಉಲ್ಕೆಯ ಉಂಗುರ ಅಂತ ಮಾರುವವರ ಹತ್ತಿರವೂ ಬೇಡ. ಮೋಲ್ಡಾವೈಟ್ ಅಂತ ಹಸಿರು ಗಾಜು ಮಾರುತ್ತಾರಲ್ಲ, ಅದು ಉಲ್ಕಾಶಿಲೆಯೇ ಅಲ್ಲ. ಉಲ್ಕೆ ಅಪ್ಪಳಿಸಿದಾಗ ಕರಗಿ ಹಾರಿದ ನಮ್ಮ ಭೂಮಿಯದೇ ಕಲ್ಲು. ಅದರಲ್ಲೂ ಬಾಟಲಿ ಗಾಜಿನ ನಕಲಿ ತುಂಬಾ. ಇನ್ನು 'ಹೋದ ತಿಂಗಳು ನಮ್ಮ ಹೊಲದಲ್ಲಿ ಬಿತ್ತು' ಅಂತ ವಾಟ್ಸಾಪ್‌ನಲ್ಲಿ ಬರುವವು. ಹೆಚ್ಚಿನವು ಸುಳ್ಳು. ನಿಜವೇ ಆಗಿದ್ದರೂ ನಮ್ಮ ದೇಶದಲ್ಲಿ ಬಿದ್ದ ಉಲ್ಕಾಶಿಲೆಗಳನ್ನು ಕಾಪಾಡುವ ಹೊಣೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯದ್ದು. ಅದು ಅಲ್ಲಿಗೆ ಹೋಗಬೇಕಾದ ವಸ್ತು. ಬೇರೆ ದೇಶಗಳಲ್ಲೂ ಕಾನೂನು ಇದೆ. ನಮೀಬಿಯಾದ ಗಿಬಿಯನ್, ಅರ್ಜೆಂಟೀನಾದ ಕ್ಯಾಂಪೋ ಡೆಲ್ ಸಿಯೆಲೊ ಅನ್ನೋ ಕಬ್ಬಿಣದ ಉಲ್ಕೆಗಳನ್ನು ಈಗ ಅಲ್ಲಿಂದ ಹೊರಗೆ ತರುವಂತಿಲ್ಲ. ಹಿಂದೆ ಹೊರಬಂದವು ಮಾರುಕಟ್ಟೆಯಲ್ಲಿವೆ. ಯಾವಾಗ ಬಂದದ್ದು ಅಂತ ಕೇಳಿಯೇ ಕೊಳ್ಳಿ.

ಕೈಗೆ ಬಂದ ಮೇಲೆ ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಎರಡು ಮೂರಿವೆ. ಅಯಸ್ಕಾಂತ ಎಲ್ಲರೂ ಹೇಳುತ್ತಾರೆ, ಆದರೆ ಕಿಟ್ಟವೂ ಅಂಟುತ್ತದೆ, ಮ್ಯಾಗ್ನೆಟೈಟ್ ಅನ್ನೋ ಕಬ್ಬಿಣದ ಅದಿರೂ ಅಂಟುತ್ತದೆ. ಅಂಟದಿದ್ದರೆ ಅನುಮಾನ ಪಡಿ, ಅಂಟಿದರೆ ಕುಣಿಯಬೇಡಿ. ಬಾತ್‌ರೂಮ್ ಟೈಲಿನ ಹಿಂಬದಿ, ಪಾಲಿಶ್ ಇಲ್ಲದ ಕಡೆ, ಕಲ್ಲಿನ ಮೂಲೆಯಿಂದ ಗೀರಿ. ಕುಂಕುಮದಂಥ ಕೆಂಪು ಗೆರೆ ಬಂದರೆ ಹೆಮಟೈಟ್ ಅನ್ನೋ ಇನ್ನೊಂದು ಕಬ್ಬಿಣದ ಅದಿರು, ಪೆನ್ಸಿಲ್ ಹಾಗೆ ಕಪ್ಪು ಬೂದು ಗೆರೆ ದಟ್ಟವಾಗಿ ಬಂದರೆ ಮ್ಯಾಗ್ನೆಟೈಟ್. ತುಕ್ಕು ಹಿಡಿಯದ ಉಲ್ಕಾಶಿಲೆ ಹೆಚ್ಚುಕಡಿಮೆ ಗೆರೆಯನ್ನೇ ಬಿಡೋದಿಲ್ಲ.

ಕಬ್ಬಿಣದ್ದಕ್ಕೆ ನನಗೆ ಇಷ್ಟವಾದದ್ದು ನೀರಿನ ಲೆಕ್ಕ. ಚಿನ್ನ ತೂಗುವಂಥ ಚಿಕ್ಕ ಡಿಜಿಟಲ್ ತಕ್ಕಡಿ ಸಾಕು. ನನ್ನ ಸಿಖೋಟೆ ಅಲಿನ್ ಚೂರು 31.2 ಗ್ರಾಂ. ಒಂದು ಪ್ಲಾಸ್ಟಿಕ್ ಲೋಟದಲ್ಲಿ ನೀರು ಹಾಕಿ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿದೆ. ಚೂರನ್ನು ಹೊಲಿಗೆ ದಾರದಲ್ಲಿ ಕಟ್ಟಿ, ತಳಕ್ಕೂ ಬದಿಗೂ ತಾಗದ ಹಾಗೆ ನೀರಿನಲ್ಲಿ ತೂಗಿಬಿಟ್ಟೆ. ತಕ್ಕಡಿ 4.0 ತೋರಿಸಿತು. 31.2ನ್ನು 4.0ರಿಂದ ಭಾಗಿಸಿದರೆ 7.8. ಅಂದರೆ ಅಷ್ಟೇ ಗಾತ್ರದ ನೀರಿಗಿಂತ 7.8 ಪಟ್ಟು ಭಾರ. ಕಬ್ಬಿಣ ನಿಕ್ಕಲ್ಲಿನ ಉಲ್ಕೆಗೆ ಅದು ಸರಿಯಾದ ಸಂಖ್ಯೆ. ಹೆಮಟೈಟ್, ಮ್ಯಾಗ್ನೆಟೈಟ್ ಆಗಿದ್ದರೆ 5ರ ಆಸುಪಾಸಿಗೇ ನಿಲ್ಲುತ್ತಿತ್ತು. ಗುಜರಿ ಅಂಗಡಿಯ ಕಬ್ಬಿಣವೂ 7.8 ತೋರಿಸುತ್ತದೆ ನಿಜ. ಅದಕ್ಕೇ ಮಾರುವವರ ಬಗ್ಗೆ ಅಷ್ಟು ಹೇಳಿದ್ದು. ಸಾಧಾರಣ ಕಲ್ಲಿನ ಉಲ್ಕೆಗೆ 3.3ರಿಂದ 3.7 ಬರುತ್ತದೆ, ಆದರೆ ಅಷ್ಟೇ ತೂಗುವ ಕಲ್ಲುಗಳು ಭೂಮಿ ಮೇಲೆ ಬೇಕಾದಷ್ಟಿವೆ.

ದುಡ್ಡು ಕೊಡುವಾಗ ಕಾರ್ಡಿನಲ್ಲಿ, ಇಲ್ಲವೇ ಖರೀದಿದಾರರಿಗೆ ರಕ್ಷಣೆ ಇರುವ ದಾರಿಯಲ್ಲಿ ಕೊಡಿ. ಪೇಪಾಲ್‌ನಲ್ಲಿ 'ಫ್ರೆಂಡ್ಸ್ ಅಂಡ್ ಫ್ಯಾಮಿಲಿ' ಅಂತ ಕಳಿಸಿ ಅಂದರೆ ಬಿಟ್ಟುಬಿಡಿ, ಅದಕ್ಕೆ ರಕ್ಷಣೆ ಇಲ್ಲ. ಕೊರಿಯರ್‌ನವರು ಕೆವೈಸಿ ಕೇಳುತ್ತಾರೆ, ಕಸ್ಟಮ್ಸ್ ಸುಂಕ ಬೀಳಬಹುದು. ಹಾಗಾಗಿ ಐದೂ ಸಾವಿರವನ್ನು ಕಲ್ಲಿಗೇ ಸುರಿಯಬೇಡಿ. ಜೊತೆಗೆ ಬಂದ ಚೀಟಿಯನ್ನು ಎಸೆಯಬೇಡಿ. ಹೆಸರು, ತೂಕ, ಮಾರಿದವರ ಹೆಸರು ಇರುವ ಆ ಸಣ್ಣ ಕಾಗದ ಕಳೆದರೆ, ನಾಳೆ ನೀವು ಮಾರಹೊರಟಾಗ ಅದೂ ಹೆಸರಿಲ್ಲದ ಕಲ್ಲೇ.

ನೀವು ಕರಾವಳಿಯವರೋ ಮಲೆನಾಡಿನವರೋ ಆಗಿದ್ದರೆ ಇನ್ನೊಂದು ಮಾತು. ಕಬ್ಬಿಣದ ಉಲ್ಕೆಗೆ ನಮ್ಮ ಮಳೆಗಾಲ ಶತ್ರು. ನನ್ನ ಎರಡನೇ ಖರೀದಿ ಕ್ಯಾಂಪೋದ ಒಂದು ತುಂಡು. ಶೋಕೇಸ್‌ನಲ್ಲಿ ಇಟ್ಟಿದ್ದೆ. ಜುಲೈ ಹೊತ್ತಿಗೆ ಅದರ ಕೆಳಗಿನ ಬಿಳಿ ಬಟ್ಟೆ ಮೇಲೆ ಕಂದು ಕಲೆ, ಮುಟ್ಟಿದರೆ ಬೆರಳಿಗೆ ತುಕ್ಕು. ಈಗ ಎಲ್ಲವನ್ನೂ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡುತ್ತೇನೆ, ಮಳೆ ಹಿಡಿಯುವ ಮುಂಚೆ ಹೊಲಿಗೆ ಮೆಷಿನ್ ಎಣ್ಣೆ ತೆಳ್ಳಗೆ ಸವರುತ್ತೇನೆ. ಕಿಟ್ಟ ಮಾತ್ರ ಹೊರಗೇ ಇದೆ. ಅದಕ್ಕೆ ಇವತ್ತಿನವರೆಗೆ ಒಂದು ಚುಕ್ಕೆ ತುಕ್ಕು ಹಿಡಿದಿಲ್ಲ.