ಓದುಗರ ಪ್ರಶ್ನೆ: ಕ್ರಿಸ್ಮಸ್ ಹಾಡಿಗೆ ಅಳೋ ರಾಗ ಯಾಕೆ?

ಪ್ರ: ನಮ್ಮ ಚರ್ಚಲ್ಲಿ ಡಿಸೆಂಬರ್ ಬಂತಂದ್ರೆ ‘ಓ ಕಮ್ ಓ ಕಮ್ ಇಮ್ಯಾನುಯೆಲ್’ ಹಾಡಿಸ್ತಾರೆ. ರಾಗ ಕೇಳಿದ್ರೆ ಯಾರೋ ತೀರ್ಕೊಂಡಂಗಿರತ್ತೆ, ನಮ್ಮಮ್ಮ ಅಂತೂ ‘ಹಬ್ಬದ ಹೊತ್ತಲ್ಲಿ ಇದೆಂಥ ಅಳು’ ಅಂತ ಬೈತಾರೆ. ಯಾರು ಬರೆದಿದ್ದು ಇದು?
– ಓದುಗರೊಬ್ಬರು, ಹಾಸನ

ಉ: ನಿಮ್ಮಮ್ಮನ ಕಿವಿಗೆ ನಮಸ್ಕಾರ ಕಣ್ರೀ. ಅದು ನಿಜವಾಗ್ಲೂ ಸಾವಿನ ರಾಗಾನೇ! 1854ರಲ್ಲಿ ಇಂಗ್ಲೆಂಡಿನ ಥಾಮಸ್ ಹೆಲ್ಮೋರ್ ಈ ಪದಕ್ಕೆ ಈ ರಾಗ ಕೂಡಿಸಿ ಅಚ್ಚು ಹಾಕಿಸಿದ್ರು, ಮೂಲ ಮಾತ್ರ ಯಾರಿಗೂ ಸಿಗ್ಲಿಲ್ಲ, ಇವರೇ ಕಟ್ಟಿ ಹಳೇದು ಅಂತಿದಾರೇನೋ ಅಂತ ಗುಸುಗುಸು ಬೇರೆ. ಆಮೇಲೆ 1966ರಲ್ಲಿ ಮೇರಿ ಬೆರ್ರಿ ಅನ್ನೋ ಸಿಸ್ಟರ್‌ಗೆ ಪ್ಯಾರಿಸ್ಸಿನ ನ್ಯಾಷನಲ್ ಲೈಬ್ರರಿಲಿ 15ನೇ ಶತಮಾನದ ಒಂದು ಕೈಬರಹದ ಪುಸ್ತಕ ಸಿಕ್ತು, ಫ್ರಾನ್ಸಿಸ್ಕನ್ ಸಿಸ್ಟರ್‌ಗಳು ಮೆರವಣಿಗೇಲಿ ಹಾಡೋದಕ್ಕೆ ಇಟ್ಕೊಂಡಿದ್ದು, ಅದರಲ್ಲಿ ಸತ್ತವರಿಗಾಗಿ ಹೇಳೋ ‘ಲಿಬೆರಾ ಮೆ’ ಪ್ರಾರ್ಥನೆ ಜೊತೆ ಇದೇ ರಾಗ ಇದೆ.

ಹಾಡಿನ ಪದಗಳ ಕಥೆ ಬೇರೆ, ನಂಗೆ ಅದೇ ಜಾಸ್ತಿ ಇಷ್ಟ. ಮಠಗಳಲ್ಲಿ ಡಿಸೆಂಬರ್ 17ರಿಂದ 23ರವರೆಗೆ ಸಂಜೆ ಪ್ರಾರ್ಥನೇಲಿ ಯೇಸುವಿನ ತಾಯಿ ಮರಿಯಮ್ಮ ಹಾಡಿದ ಸ್ತುತಿಗೆ ಮುಂದೆ ಹಿಂದೆ ಪಲ್ಲವಿ ಥರ ಒಂದೊಂದು ಸಾಲು ಹಾಡ್ತಿದ್ರು, ದಿನಕ್ಕೆ ಒಂದೇ, ಎಲ್ಲಾ ‘ಓ’ ಅಂತಾನೇ ಶುರು, ಎಲ್ಲಾ ‘ಬಾ’ ಅಂತ ಕರೆಯೋದೇ. ಓ ಜ್ಞಾನವೇ, ಓ ಕರ್ತನೇ, ಓ ಇಷಯನ ಬೇರೇ, ಓ ದಾವೀದನ ಬೀಗದ ಕೈಯೇ, ಓ ಉದಯವೇ, ಓ ಜನಾಂಗಗಳ ರಾಜನೇ, ಕೊನೇ ದಿನ ಓ ಇಮ್ಮಾನುವೇಲೇ. ಇವುಗಳ ಲ್ಯಾಟಿನ್ ಹೆಸರಿನ ಮೊದಲಕ್ಷರಗಳನ್ನ ಕೊನೆಯಿಂದ ಓದ್ಕೊಂಡು ಬಂದ್ರೆ ‘ಎರೊ ಕ್ರಾಸ್’ ಆಗತ್ತೆ, ಅಂದ್ರೆ ‘ನಾಳೆ ಇರ್ತೀನಿ’. 23ನೇ ತಾರೀಕು ಏಳನೇ ಅಕ್ಷರ ಸೇರಿದ್ಮೇಲೇ ಆ ಉತ್ತರ ಪೂರ್ತಿ ಆಗೋದು, ಮಾರನೇ ರಾತ್ರಿ ಹಬ್ಬ! ಬೇಕಂತಲೇ ಹೆಣೆದಿದ್ದೋ ತಾನಾಗೇ ಕೂತಿದ್ದೋ, ಮೊದಲ ಸಲ ಪೇಪರ್ ಮೇಲೆ ಬರೆದು ನೋಡ್ದಾಗ ನಂಗಂತೂ ಮೈ ಜುಮ್ ಅಂತು.

ಇದನ್ನ ಚರಣಗಳಾಗಿ ಹೆಣೆದ ಲ್ಯಾಟಿನ್ ಹಾಡು 1710ರಲ್ಲಿ ಜರ್ಮನಿಯ ಕಲೋನ್‌ನಲ್ಲಿ ಅಚ್ಚಾಯ್ತು, ಜಾನ್ ಮೇಸನ್ ನೀಲ್ 1851ರಲ್ಲಿ ಇಂಗ್ಲಿಷಿಗೆ ತಂದ್ರು. ಆದ್ರೆ ಆ ಹಾಡಲ್ಲಿ ಇದ್ದಿದ್ದು ಐದೇ ಚರಣ, ಅದೂ ಕೊನೇ ದಿನದ ಇಮ್ಮಾನುವೇಲ್ ಮೊದಲಿಗೇ ಬಂದು ಕೂತುಬಿಟ್ಟಿದೆ, ಅಕ್ಷರದ ಆಟ ಅಲ್ಲಿಗೆ ಮುಗೀತು. ಉಳಿದೆರಡು ಆಮೇಲೆ ಬೇರೆಯವರು ಸೇರಿಸಿದ್ದು. ನಿಮ್ಮ ಕ್ವಾಯರ್‌ನವರಿಗೆ ಹೇಳಿ, ಏಳೂ ಚರಣ ಇರೋ ಪುಸ್ತಕ ಇಟ್ಕೊಂಡು ಈ ಸಲ 17ರಿಂದ ದಿನಕ್ಕೊಂದೇ ಹಾಡ್ಲಿ. ಒಂದೇ ಉಸಿರಲ್ಲಿ ಅಷ್ಟೂ ಹಾಡಿದ್ರೆ ಅಮ್ಮಂಗೆ ಬೇಜಾರಾಗದೇ ಇನ್ನೇನಾಗತ್ತೆ.

ಪ್ರ: ಹೀಗೆ ನಮ್ಮ ಇಂಡಿಯಾದ ಪ್ರಾರ್ಥನೆಯಿಂದ ಹುಟ್ಟಿದ ಇಂಗ್ಲಿಷ್ ಹಾಡು ಒಂದಾದ್ರೂ ಇದೆಯಾ?
– ಓದುಗರು, ಶಿವಮೊಗ್ಗ

ಉ: ಇದೆ ರೀ, ಪಕ್ಕದ ಕೇರಳದ್ದೇ. ಮಲಬಾರಿನ ಕ್ರೈಸ್ತರ ಸಿರಿಯಾಕ್ ಅನ್ನೋ ಹಳೇ ಭಾಷೆಯ ಆರಾಧನೇಲಿ ಪ್ರಸಾದ ತಗೊಂಡಾದ್ಮೇಲೆ ಹೇಳೋ ಪ್ರಾರ್ಥನೆ ಒಂದಿದೆ, ಅದನ್ನ ಹಂಫ್ರೀಸ್ ಮತ್ತೆ ಪರ್ಸಿ ಡಿಯರ್ಮರ್ ‘ಸ್ಟ್ರೆಂಗ್ದನ್ ಫಾರ್ ಸರ್ವಿಸ್, ಲಾರ್ಡ್’ ಅನ್ನೋ ಹಾಡು ಮಾಡಿ 1906ರ ‘ಇಂಗ್ಲಿಷ್ ಹಿಮ್ನಲ್’ ಪುಸ್ತಕಕ್ಕೆ ಹಾಕಿದ್ರು. ಪವಿತ್ರವಾದ್ದನ್ನ ಮುಟ್ಟಿದ ಕೈಗೆ ಸೇವೆ ಮಾಡೋ ಶಕ್ತಿ ಕೊಡು ಅಂತ ಶುರು, ಆಮೇಲೆ ಹಾಡು ಕೇಳಿದ ಕಿವಿ ಜಗಳಕ್ಕೆ ಕಿವಿಗೊಡದೇ ಇರ್ಲಿ, ‘ಪರಿಶುದ್ಧ’ ಅಂದ ನಾಲಿಗೆ ಮೋಸ ಆಡದೇ ಇರ್ಲಿ, ಹೀಗೆ ಕಣ್ಣು, ಕಾಲು, ಒಂದೊಂದೇ ಅಂಗ ಹಿಡ್ಕೊಂಡು ಹೋಗತ್ತೆ. ಜಗಳದ ಸಾಲು ಬಂದಾಗ ನಾನು ತಲೆ ತಗ್ಗಿಸ್ತೀನಿ, ಯಾಕಂದ್ರೆ ಪೂಜೆ ಮುಗಿಸ್ಕೊಂಡು ಗೇಟ್ ದಾಟೋದ್ರೊಳಗೆ ಪಾರ್ಕಿಂಗ್ ವಿಷ್ಯಕ್ಕೆ ಒಂದು ಜಗಳ ಆಗಿರತ್ತೆ.

ಪ್ರ: ‘ನಿನ್ನ ಸಮಾಧಾನದ ಸಾಧನವಾಗಿ ನನ್ನನ್ನು ಮಾಡು’ ಅನ್ನೋ ಪ್ರಾರ್ಥನೆ ಅಸ್ಸಿಸಿಯ ಸಂತ ಫ್ರಾನ್ಸಿಸ್ಸೇ ಬರೆದಿದ್ದಾ?
– ಓದುಗರು, ಉಡುಪಿ

ಉ: ಅಲ್ಲ. 1912ರಲ್ಲಿ ಪ್ಯಾರಿಸ್ಸಿನ ಒಂದು ಚಿಕ್ಕ ಪತ್ರಿಕೇಲಿ ಬರೆದವರ ಹೆಸರಿಲ್ಲದೇ ಫ್ರೆಂಚಲ್ಲಿ ಬಂದಿದ್ದು, ಫ್ರಾನ್ಸಿಸ್ ಹೆಸರು ಆಮೇಲೆ ಅಂಟ್ಕೊಂಡಿದ್ದು. ಈಗ ಎಲ್ಲಾ ಕಡೆ ಹಾಡೋ ಇಂಗ್ಲಿಷ್ ಹಾಡು ಸೆಬಾಸ್ಟಿಯನ್ ಟೆಂಪಲ್ ಅವರದ್ದು, 1967ರದ್ದು.