ರಾಯಚೂರಿಗೆ ಹೊರಟ ಏಳು ಲಕ್ಷ ಕಾಲಾಳುಗಳ ಲೆಕ್ಕ

ಬಿಜಾಪುರದ ಸುಲ್ತಾನನ ವಿರುದ್ಧ ನಡೆದ ರಾಯಚೂರು ಕದನಕ್ಕೆ ವಿಜಯನಗರದ ಕೃಷ್ಣದೇವರಾಯ ಏಳು ಲಕ್ಷ ಕಾಲಾಳುಗಳನ್ನು ಕರೆದೊಯ್ದನೆಂದು ಒಂದು ಜನಪ್ರಿಯ ಪುಸ್ತಕದಲ್ಲಿ ಓದಿದ್ದೀರಿ. ಇದು ನಿಜವೇ, ಹಳಬರಲ್ಲಿ ಮತ್ತು ಈಗಿನವರಲ್ಲಿ ಯಾವ ಲೇಖಕರನ್ನು ನಂಬಬೇಕು ಎಂದು ಕೇಳಿದ್ದೀರಿ.

ಯಾರನ್ನೂ ಇಡಿಯಾಗಿ ನಂಬಬೇಡಿ, ಇಡಿಯಾಗಿ ತಳ್ಳಿಹಾಕಲೂ ಬೇಡಿ. ಒಂದೊಂದು ಮಾತು ಬಂದಾಗಲೂ "ಇದು ಇವನಿಗೆ ಹೇಗೆ ಗೊತ್ತಾಯಿತು?" ಎಂದು ಕೇಳಿಕೊಳ್ಳಿ. ನಾನು ಓದುವುದು ಹೀಗೆ.

ನಿಮ್ಮ ಏಳು ಲಕ್ಷದ ಮೂಲ ಪೋರ್ಚುಗೀಸ ಕುದುರೆ ವ್ಯಾಪಾರಿ ನೂನಿಜ್. ಅವನು ಬರೆದದ್ದು 1535ರ ಆಸುಪಾಸಿನಲ್ಲಿ, ಕದನ ಮುಗಿದು ಹದಿನೈದು ವರ್ಷಗಳಾದ ಮೇಲೆ. ದಳಪತಿಗಳನ್ನು ಒಬ್ಬೊಬ್ಬರಾಗಿ ಎಣಿಸಿ ಅವನು ಕೊಡುವ ಲೆಕ್ಕವನ್ನು ಕೂಡಿದರೆ 7,03,000 ಕಾಲಾಳು, 32,600 ಕುದುರೆ, 551 ಆನೆಗಳಾಗುತ್ತವೆ. ಇಷ್ಟು ವಿವರವಾಗಿದೆ ಎಂಬ ಕಾರಣಕ್ಕೇ ಓದುಗರು ಮರುಳಾಗುತ್ತಾರೆ. ಆದರೆ ತಲೆಗೆ ಅರ್ಧ ಕಿಲೋ ಧಾನ್ಯವೆಂದರೂ ದಿನಕ್ಕೆ ಮೂರೂವರೆ ಲಕ್ಷ ಕಿಲೋ ಬೇಕು. ಎತ್ತಿನ ಬೆನ್ನಿಗೆ ನೂರು ಕಿಲೋ ಹೇರಿದರೆ ಮೂರೂವರೆ ಸಾವಿರ ಎತ್ತುಗಳು, ಅದೂ ಒಂದೇ ದಿನದ ಊಟಕ್ಕೆ. ಬೇಸಿಗೆಯ ರಾಯಚೂರು ಸೀಮೆಯಲ್ಲಿ ಅಷ್ಟು ಬಾಯಿಗಳಿಗೆ ನೀರೆಲ್ಲಿಂದ? ಕುದುರೆಗಳ ಸಂಖ್ಯೆಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ, ಅದು ಅವನ ಕಸುಬು.

ಎದುರು ಪಕ್ಷದಲ್ಲಿ ಫೆರಿಸ್ತಾ ಇದ್ದಾನೆ. ಎಂಟು ದಶಕಗಳಿಗೂ ಹೆಚ್ಚು ಕಾಲದ ನಂತರ, ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಆಶ್ರಯದಲ್ಲಿ ಬರೆದವನು. ಅವನ ಪ್ರಕಾರ ಕದನದ ಕಾಲದ ಸುಲ್ತಾನ ಇಸ್ಮಾಯಿಲ್ ಆದಿಲ್ ಶಾಹ ಏಳು ಸಾವಿರ ಸವಾರರೊಂದಿಗೆ ಬಂದು, ಕುಡಿದ ಅಮಲಿನಲ್ಲಿ ಕೃಷ್ಣೆಯನ್ನು ದಾಟಿದ. ನೂನಿಜ್ ಅದೇ ಸೈನ್ಯಕ್ಕೆ 18,000 ಕುದುರೆ, 1,20,000 ಕಾಲಾಳು ಎನ್ನುತ್ತಾನೆ. ಗೆದ್ದವರ ಕಡೆಯ ಕಥೆಯಲ್ಲಿ ಶತ್ರು ಬೆಳೆಯುತ್ತಾನೆ, ಸೋತವರ ಆಸ್ಥಾನದಲ್ಲಿ ಸೋಲಿಗೊಂದು ನೆಪ ಬೇಕಾಗುತ್ತದೆ. ಎರಡನ್ನೂ ಕೂಡಿ ಭಾಗಿಸಿದರೆ ಸತ್ಯ ಸಿಗುವುದಿಲ್ಲ. ಆದಿಲ್ ಶಾಹ ನದಿ ದಾಟಿ ಬಂದ, ಸೋತ, ಹಿಂದಿರುಗುವಾಗ ಅವನ ಜನ ಹೊಳೆಯಲ್ಲಿ ಸತ್ತರು ಎಂಬುದರಲ್ಲಿ ಮಾತ್ರ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ಪರಸ್ಪರ ಆಗದ ಪಕ್ಷಗಳು ಒಪ್ಪಿದ ಸಂಗತಿಯನ್ನು ನಾನು ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ.

ನನಗೆ ಬಹಳ ಇಷ್ಟವಾದ ಪರೀಕ್ಷೆ ದಿನಾಂಕದ್ದು. ಕದನ ನಡೆದದ್ದು 1522ರ ಮೇ ತಿಂಗಳ ಅಮಾವಾಸ್ಯೆ, ಶನಿವಾರ ಎಂದು ನೂನಿಜ್ ಬರೆದಿದ್ದಾನೆ. ಅವನನ್ನು ಇಂಗ್ಲಿಷ್‌ಗೆ ತಂದ ರಾಬರ್ಟ್ ಸೀವೆಲ್ ಇದನ್ನು ಪಂಚಾಂಗಕ್ಕೆ ಹಚ್ಚಿ ನೋಡಿದ. 1522ರಲ್ಲಿ ಆ ಅಮಾವಾಸ್ಯೆ ಬಂದದ್ದು ಭಾನುವಾರ, 25ರಂದು. 1520ರಲ್ಲಿ ಅಮಾವಾಸ್ಯೆ ಮೇ 17ಕ್ಕೆ, ಚಂದ್ರದರ್ಶನ ಶನಿವಾರ 19ಕ್ಕೆ. ಹಾಗಾಗಿ ನೂನಿಜ್ ಹೇಳಿದ್ದು ಚಂದ್ರದರ್ಶನದ ದಿನವನ್ನೇ ಎಂದು ಹಿಡಿದು ಸೀವೆಲ್ 1520ರ ಮೇ 19 ಎಂದು ನಿರ್ಧರಿಸಿದ. ಜನರ ನೆನಪಿನಲ್ಲಿ ಇಸವಿ ಜಾರಿತ್ತು, ವಾರ ಉಳಿದಿತ್ತು. ತಪ್ಪು ಇಸವಿ ಬರೆದವನ ವಾಕ್ಯದಲ್ಲೇ ಸರಿಯಾದ ಇಸವಿಗೆ ಸಾಕ್ಷಿ ಇತ್ತು! ಒಂದು ತಪ್ಪು ಸಿಕ್ಕಿತೆಂದು ಇಡೀ ಗ್ರಂಥವನ್ನು ಬಿಸಾಡುವವರನ್ನು ಕಂಡರೆ ನನಗೆ ಸಂಕಟವಾಗುವುದು ಇದಕ್ಕೇ. ಹಾಗೆಂದು ಅವನ ಹಳೆಯ ಕಾಲದ ಕಥನವನ್ನು ನೆಚ್ಚಿಕೊಳ್ಳಬೇಡಿ. ವಿಜಯನಗರ ಸ್ಥಾಪನೆಯ ಕಥೆಯನ್ನು ಅವನು 1230ರಿಂದ ಆರಂಭಿಸುತ್ತಾನೆ, ನೂರು ವರ್ಷದಷ್ಟು ಆಚೆ.

ಶಾಸನವನ್ನೂ ಹೀಗೆಯೇ ಓದಬೇಕು. ದಾನದ ತಿಥಿ, ಊರು, ಎಲ್ಲೆಗಳಿಗೆ ಅದು ಒಳ್ಳೆಯ ಸಾಕ್ಷಿ. ರಾಜನ ಬಿರುದಾವಳಿಗೆ ಅಲ್ಲ.

ಈಗ ಜನಪ್ರಿಯ ಲೇಖಕರು. ಭಾಷೆ ಸರಸವಾಗಿದೆ ಎಂಬುದು ಅಪರಾಧವಲ್ಲ. ಮೂಲವನ್ನು ಮುಚ್ಚಿಡುವುದು ಅಪರಾಧ. ವಿಜಯನಗರ ಸೋತ 1565ರ ತಾಳಿಕೋಟೆ ಯುದ್ಧದ ಅಧ್ಯಾಯವನ್ನು ತೆರೆಯಿರಿ. ರಾಮರಾಯನ ಇಬ್ಬರು ಮುಸ್ಲಿಂ ಸೇನಾಪತಿಗಳು ದ್ರೋಹ ಮಾಡಿದರೆಂದು ಅನೇಕರು ಕಣ್ಣಾರೆ ಕಂಡಂತೆ ಬರೆಯುತ್ತಾರೆ. ಈ ಮಾತು ವೆನಿಸ್‌ನ ವರ್ತಕ ಸೀಸರ್ ಫ್ರೆಡರಿಕ್‌ನದು. ಅವನು ವಿಜಯನಗರಕ್ಕೆ ಬಂದದ್ದು 1567ರಲ್ಲಿ, ಯುದ್ಧ ಕಂಡವನಲ್ಲ. ಅವನೇ ನಗರ ಪೂರ್ತಿ ನಾಶವಾಗಿಲ್ಲ, ಮನೆಗಳು ನಿಂತಿವೆ, ಖಾಲಿ ಇವೆ ಎನ್ನುತ್ತಾನೆ. ಅಲ್ಲಿ ಹುಲಿಗಳಿವೆ ಎನ್ನುವಾಗ ಜನ ಹಾಗೆ ಹೇಳುತ್ತಾರೆಂದು ಸೇರಿಸುತ್ತಾನೆ. ನಿಮ್ಮ ಪುಸ್ತಕದವರು ದ್ರೋಹದ ಮಾತನ್ನು ತೆಗೆದುಕೊಂಡು, ನಿಂತ ಮನೆಗಳ ಮಾತನ್ನು ಬಿಟ್ಟಿದ್ದಾರೆಯೇ? ಇದು ಯಾರ ಹೇಳಿಕೆ, ಯಾವಾಗಿನದು ಎಂದು ತಿಳಿಸಿದ್ದಾರೆಯೇ? ಆ ಪುಟಗಳನ್ನು ನೋಡಿ, ಪುಸ್ತಕದ ಹೆಸರಿನೊಂದಿಗೆ ಇಲ್ಲಿ ಬರೆಯಿರಿ. ಏಳು ಲಕ್ಷದ ಮಾತಿಗೆ ಅವರು ನೂನಿಜ್‌ನ ಹೆಸರು ಹೇಳಿದ್ದಾರೆಯೇ ಎಂಬುದನ್ನೂ ತಿಳಿಸಿ.