ಶೇ. 50 ಎಂಬುದು ನಿಮ್ಮೊಬ್ಬರ ಲೆಕ್ಕವಲ್ಲ

ಮದ್ಯವ್ಯಸನ ಶೇ. 50ರಷ್ಟು ವಂಶವಾಹಿಯಿಂದ ಬರುತ್ತದಂತೆ, ಅಪ್ಪ ಕುಡಿಯುತ್ತಿದ್ದರು, ಹಾಗಾದರೆ ನನಗೂ ಬರುವ ಸಾಧ್ಯತೆ ಅರ್ಧಕ್ಕರ್ಧವೇ ಎಂದು ಕೇಳಿದ್ದೀರಿ. ಅಲ್ಲ.

ಆ ಅಂಕಿ ಬಂದದ್ದು ಮುಖ್ಯವಾಗಿ ಅವಳಿಗಳ ಅಧ್ಯಯನಗಳಿಂದ. ಒಂದೇ ಅಂಡದಿಂದ ಹುಟ್ಟಿದ ತದ್ರೂಪಿ ಅವಳಿಗಳ ವಂಶವಾಹಿಗಳು ಹೆಚ್ಚುಕಡಿಮೆ ಒಂದೇ. ಎರಡು ಅಂಡಗಳ ಅವಳಿಗಳಲ್ಲಿ, ಉಳಿದ ಒಡಹುಟ್ಟಿದವರಂತೆ, ಸರಾಸರಿ ಅರ್ಧ ಮಾತ್ರ ಸಮಾನ. ಮನೆ, ಊಟ, ಅಪ್ಪನ ಬೈಗುಳ ಮಾತ್ರ ಎರಡೂ ಬಗೆಯ ಜೋಡಿಗಳಿಗೆ ಸಮಪಾಲು. ಒಬ್ಬರು ವ್ಯಸನಿಯಾದಾಗ ಇನ್ನೊಬ್ಬರೂ ಆಗುವುದು ತದ್ರೂಪಿಗಳಲ್ಲೇ ಹೆಚ್ಚೆಂದು ಕಂಡರೆ, ಆ ಹೆಚ್ಚಳವನ್ನು ವಂಶವಾಹಿಯ ಖಾತೆಗೆ ಬರೆಯುತ್ತಾರೆ. (ತದ್ರೂಪಿಗಳನ್ನು ಜನ ಇನ್ನಷ್ಟು ಒಂದೇ ರೀತಿ ನಡೆಸಿಕೊಳ್ಳುತ್ತಾರಲ್ಲ ಎಂಬ ಹಳೆಯ ಆಕ್ಷೇಪವನ್ನು ನಾನಂತೂ ಪೂರ್ತಿ ತಳ್ಳಿಹಾಕಲಾರೆ.)

ಅಮೆರಿಕದ ವರ್ಜೀನಿಯಾದಲ್ಲಿ ಮನೋವೈದ್ಯ ಕೆನ್ನೆತ್ ಕೆಂಡ್ಲರ್ ಅವರ ತಂಡ ಸಾವಿರಕ್ಕೂ ಹೆಚ್ಚು ಮಹಿಳಾ ಅವಳಿ ಜೋಡಿಗಳನ್ನು ಅಧ್ಯಯನ ಮಾಡಿ, 1992ರಲ್ಲಿ ವಂಶವಾಹಿಯ ಪಾಲು ಶೇ. 50ರಿಂದ 60 ಎಂದಿತು. ಇದು ಒಂದು ಜನಸಮೂಹದೊಳಗೆ ಕೆಲವರು ವ್ಯಸನಿಗಳಾಗಿ ಉಳಿದವರು ಆಗದಿರುವ ವ್ಯತ್ಯಾಸದಲ್ಲಿ ವಂಶವಾಹಿಯ ಪಾಲು, ಒಬ್ಬ ವ್ಯಕ್ತಿಯ ಜಾತಕವಲ್ಲ. ಹೆಂಡವೇ ಸಿಗದ ಊರಿನಲ್ಲಿ ಯಾವ ವಂಶವಾಹಿಯೂ ಯಾರನ್ನೂ ಕುಡುಕರನ್ನಾಗಿಸದು. ಅಪ್ಪನಿಂದಾಗಿ ನಿಮ್ಮ ಅಪಾಯ ಸರಾಸರಿಗಿಂತ ಹೆಚ್ಚಿರುವುದು ನಿಜ. ಆದರೆ ಒಬ್ಬರು ವ್ಯಸನಿ, ಇನ್ನೊಬ್ಬರು ಅಲ್ಲ ಎಂಬ ಜೋಡಿಗಳು ತದ್ರೂಪಿ ಅವಳಿಗಳಲ್ಲೂ ಬೇಕಾದಷ್ಟಿವೆ.